ದಾರುಭೂಷಣ: ಮೂಡಲ ಸೀಮೆಯ ಬಯಲಾಟದ ಒಡವೆಗಳು

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಬಳ್ಳಾರಿಯ ಬಯಲಿಗೂ ರಾಯದುರ್ಗದ ಗುಡ್ಡಸಾಲಿಗೂ ನಡುವೆ ಹಬ್ಬಿಕೊಂಡಿರುವ ಮೊಳಕಾಲ್ಮೂರಿನ ಸೀಮೆಯನ್ನು ಕುರಿತು ಬರೆಯಹೊರಟವರು ಅಲ್ಲಿಯ ಕಲ್ಲನ್ನೋ ಅಲ್ಲಿಯ ರೇಷ್ಮೆಯನ್ನೋ ಮುಂದಿಟ್ಟುಕೊಂಡು ಬರೆಯುವುದು ವಾಡಿಕೆ. ಅದು ಸಹಜವೂ ಹೌದು. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ನೆಲೆಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದು ಇಸಿಲವೆಂಬ ಪುರಾತನ ಪಟ್ಟಣದ ಹೆಸರನ್ನು ನಾಡಿಗೆ ತಿಳಿಯಪಡಿಸಿದ ಮೇಲೆ, ಮತ್ತೆ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅದೇ ಬ್ರಹ್ಮಗಿರಿಯ ತಪ್ಪಲನ್ನು ಅಗೆಸಿ ದಕ್ಷಿಣಾಪಥದ ಪ್ರಾಚೀನ ಸಂಸ್ಕೃತಿಗಳಿಗೆ ಒಂದು ಕಾಲಾನುಕ್ರಮವನ್ನು ಗೊತ್ತುಪಡಿಸಿದ ಮೇಲೆ, ಈ ಕಲ್ಲುಗುಡ್ಡಗಳ ಕೀರ್ತಿ ದೇಶದ ಇತಿಹಾಸದಲ್ಲಿ ಸ್ಥಿರವಾಯಿತು. ರೇಷ್ಮೆಯ ಕೀರ್ತಿಯನ್ನಂತೂ ಹೇಳಬೇಕಾದುದೇ ಇಲ್ಲ; ಮೊಳಕಾಲ್ಮೂರಿನ ಕೈಮಗ್ಗದ ಸೀರೆಯನ್ನು ಕರ್ನಾಟಕದ ಕಂಚಿಯ ಸೀರೆಯೆಂದು ಜನ ಕರೆದರು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ಬಂದಿತು. ಆದರೆ ಇದೇ ಸೀಮೆಯ ಜನ ಕಲ್ಲನ್ನು ಪೂಜಿಸುತ್ತ ರೇಷ್ಮೆಯನ್ನು ನೇಯುತ್ತ ಬಂದ ಕಾಲದಲ್ಲೆಲ್ಲ, ಸುಗ್ಗಿ ಮುಗಿದ ಇರುಳುಗಳಲ್ಲಿ ಮೈಮೇಲೆ ಧರಿಸಿ ಕುಣಿದ ಮತ್ತೊಂದು ದ್ರವ್ಯವುಂಟು. ಅದು ಮರ. ಕಿರೀಟವಾಗಿ, ಭುಜಕೀರ್ತಿಯಾಗಿ, ಎದೆಹಾರವಾಗಿ, ಕರ್ಣಕುಂಡಲವಾಗಿ, ತೋಳ್ಬಂದಿಯಾಗಿ ರೂಪಾಂತರಗೊಂಡು, ಹಗಲೆಲ್ಲ ಕಡಲೆಕಾಯಿ ಕಿತ್ತ ಒಕ್ಕಲಮಗನನ್ನು ಇರುಳಿಗೆ ದುರ್ಯೋಧನನನ್ನಾಗಿಯೋ ಬಭ್ರುವಾಹನನನ್ನಾಗಿಯೋ ನಿಲ್ಲಿಸಿದ ಈ ಮರದ ಒಡವೆಗಳಿಗೆ ನಮ್ಮ ಕಲೆಯ ಇತಿಹಾಸದಲ್ಲಿ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಲ್ಲದಿರುವುದಕ್ಕೆ ಕಾರಣ ದ್ರವ್ಯದಲ್ಲಿಯೇ ಇದೆ. ಬ್ರಹ್ಮಗಿರಿಯ ಬಂಡೆಯ ಮೇಲೆ ಅರಸನ ಆಜ್ಞೆಯನ್ನು ಬರೆದ ಲಿಪಿಕಾರ ಚಪಡನು, ತನ್ನ ಕಸುಬನ್ನು ಸೂಚಿಸುವ ಮಾತನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿ ಹೋದನು. ಆ ಒಂದು ಸಾಲಿನ ದೆಸೆಯಿಂದ 2,200 ವರ್ಷಗಳ ಆಚೆಗಿನ ಒಬ್ಬ ಕೆಲಸಗಾರ ನಮಗೆ ಹೆಸರಿನಿಂದ ಪರಿಚಿತನಾಗಿದ್ದಾನೆ. ಮರದಲ್ಲಿ ಕೆಲಸ ಮಾಡಿದವನಿಗೆ ಆ ಭಾಗ್ಯವಿಲ್ಲ. ಗೆದ್ದಲು, ಗೂಡುಹುಳು, ಮಳೆಗಾಲದ ಶೈತ್ಯ, ಕುಣಿತದ ಬೆವರು ಇವೆಲ್ಲವೂ ಸೇರಿ ಒಂದೆರಡು ತಲೆಮಾರುಗಳಲ್ಲಿ ಒಡವೆಯನ್ನು ಮುಗಿಸುತ್ತವೆ. ಹಳೆಯದು ಮುರಿದಾಗ ಅದನ್ನೇ ಎದುರಿಗಿಟ್ಟುಕೊಂಡು ಹೊಸದನ್ನು ಕೆತ್ತುವುದು ರೂಢಿಯಾದುದರಿಂದ, ಇಲ್ಲಿ ವಸ್ತು ಉಳಿಯದೆ ರೂಪ ಮಾತ್ರ ಕೈಯಿಂದ ಕೈಗೆ ದಾಟಿಕೊಂಡು ಬಂದಿದೆ. ಆದುದರಿಂದ ಈ ಕಲೆಯ ಚರಿತ್ರೆಯನ್ನು ಅರಸತಕ್ಕವನು ಕಾಲನಿರ್ದೇಶವುಳ್ಳ ಪ್ರಾಚೀನ ಮಾದರಿಗಳನ್ನು ನಿರೀಕ್ಷಿಸದೆ, ಆಟದ ಚರಿತ್ರೆಯನ್ನೂ ಮರದ ಗುಣವನ್ನೂ ಶಿಲ್ಪಚಿತ್ರಗಳ ಸಾಕ್ಷ್ಯವನ್ನೂ ಒಟ್ಟಿಗೆ ಹಿಡಿದು ಮುಂದುವರಿಯಬೇಕಾಗುತ್ತದೆ.

ಆಟದ ಚರಿತ್ರೆಗೆ ಒಂದು ಆಧಾರ ಅನತಿದೂರದಲ್ಲಿಯೇ ದೊರೆತಿದೆ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನವೊಂದು ತಾಳಮದ್ದಳೆಯವರಿಗೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಯನ್ನು ಹೇಳುತ್ತದೆಂದು ಯಕ್ಷಗಾನದ ವಿದ್ವಾಂಸರು ಬಹುಕಾಲದಿಂದ ಎತ್ತಿ ತೋರಿಸುತ್ತ ಬಂದಿದ್ದಾರೆ. ತಾಳಮದ್ದಳೆಯೆಂದರೆ ವೇಷವಿಲ್ಲದೆ ಕುಳಿತು ನಡೆಸುವ ಪ್ರಸಂಗವೆಂಬ ಇಂದಿನ ಅರ್ಥವನ್ನು ಆ ಶಾಸನದ ಕಾಲಕ್ಕೆ ಹಾಗೆಯೇ ಹೊರಿಸುವುದು ಸಾಧುವೋ ಅಲ್ಲವೋ, ವಿಜಯನಗರದ ವೈಭವದ ಕಡೆಯ ದಶಕಗಳಲ್ಲಿ, ಅದರ ರಾಜಧಾನಿಗೆ ಸಮೀಪದ ಈ ಒಣಸೀಮೆಯಲ್ಲಿ, ಹಾಡು ಮದ್ದಳೆಗಳ ಕಥನಕಲೆ ದೇವಸ್ಥಾನದ ಆಶ್ರಯವನ್ನು ಪಡೆಯುವಷ್ಟು ಬಲಿತಿದ್ದಿತೆಂಬುದಂತೂ ಇದರಿಂದ ಸಿದ್ಧವಾಗುತ್ತದೆ. ಘಟ್ಟದ ಕೆಳಗಿನ ಪಡುವಣ ತೀರದಲ್ಲಿ ಬೆಳೆದ ಆಟಕ್ಕೆ ಪಡುವಲಪಾಯವೆಂದೂ ಬಯಲುಸೀಮೆಯ ಆಟಕ್ಕೆ ಮೂಡಲಪಾಯವೆಂದೂ ಹೆಸರಾಯಿತು. ಬಳ್ಳಾರಿ ಧಾರವಾಡಗಳ ಕಡೆಗೆ ಹೋದಂತೆ ಅದರ ಸಮೀಪಬಂಧು ದೊಡ್ಡಾಟವೆನಿಸಿಕೊಂಡಿತು. ಮೊಳಕಾಲ್ಮೂರು ಚಳ್ಳಕೆರೆಗಳು ಈ ಎರಡರ ಕೂಡುದಾರಿಯಲ್ಲಿರುವ ಊರುಗಳು. ಹಳ್ಳಿಯವರು ಮಾತ್ರ ಇದಾವುದರ ಗೊಡವೆಗೂ ಹೋಗದೆ ಬಯಲಾಟವೆಂದೇ ಹೇಳುತ್ತಾರೆ. ಕರಾವಳಿಯ ಆಟಕ್ಕೆ ಪಂಡಿತರ ಗಮನ ಬೇಗನೆ ದೊರೆತರೂ ಮೂಡಲಪಾಯವು ಬಹುಕಾಲ ಉಪೇಕ್ಷೆಗೆ ಗುರಿಯಾಗಿದ್ದಿತು, ಡಾ. ಜೀ. ಶಂ. ಪರಮಶಿವಯ್ಯನವರು ಹಳ್ಳಿಹಳ್ಳಿಗಳನ್ನು ತಿರುಗಿ ಅದರ ಸ್ವರೂಪವನ್ನು ವಿದ್ವಲ್ಲೋಕದ ಮುಂದಿಟ್ಟುದು ಈ ನಾಡು ಮರೆಯಬಾರದ ಉಪಕಾರ.

ಒಡವೆಯ ಮಹತ್ತ್ವವನ್ನು ಅರಿಯಬೇಕಾದರೆ ಅದು ರಂಗಕ್ಕೆ ಬರುವ ಕ್ರಮವನ್ನು ನೋಡಬೇಕು. ಮೂರು ಕಡೆ ಜನ ಕುಳಿತ ಬಯಲಿನಲ್ಲಿ, ಬಂಡಿಯ ಹಲಗೆಗಳನ್ನೋ ಬಿದಿರನ್ನೋ ಜೋಡಿಸಿ ಕಟ್ಟಿದ ಅಟ್ಟದ ಮೇಲೆ, ಭಾಗವತನು ಹಾಡನ್ನೆತ್ತಿ ಮುಖವೀಣೆಯ ತೀಕ್ಷ್ಣಸ್ವರವು ಇರುಳನ್ನು ಸೀಳುತ್ತಿರುವಾಗ, ಇಬ್ಬರು ಹಿಡಿದ ತೆರೆಯ ಹಿಂದೆ ವೇಷವು ಬಂದು ನಿಲ್ಲುತ್ತದೆ. ಮೊದಲು ಕಾಣುವುದು ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ, ಕೆಳಗಂಚಿನಲ್ಲಿ ಗೆಜ್ಜೆಯ ಕಾಲು. ನಡುವಣ ಮನುಷ್ಯನು ಇನ್ನೂ ಗುಪ್ತನಾಗಿಯೇ ಇರುತ್ತಾನೆ. ಕುಣಿತದ ಗತಿ ಏರಿದಂತೆ ಕಿರೀಟವು ತೆರೆಯ ಮೇಲೆ ಏಳುತ್ತ ಮುಳುಗುತ್ತ ಬಂದು, ತೆರೆ ಸರಿದೊಡನೆ ಅರದಾಳ ಇಂಗಳೀಕಗಳಿಂದ ಬಣ್ಣಗಟ್ಟಿದ ಮುಖವೂ, ಹೆಗಲಿನಿಂದ ಇಕ್ಕೆಲಕ್ಕೂ ಚಾಚಿಕೊಂಡ ಭುಜಕೀರ್ತಿಗಳೂ, ಎದೆಯ ತುಂಬ ಮಿನುಗುವ ಹಾರವೂ ಒಮ್ಮೆಗೇ ಎದುರಾಗುತ್ತವೆ. ಆಗ ಸಾರಥಿಯು ಮುಂದೆ ಬಂದು ನೀನಾರು, ನಿನ್ನ ನಾಮಾಂಕಿತವೇನು ಎಂದು ಕೇಳಿ ಪಾತ್ರದ ಬಾಯಿಂದಲೇ ಪರಿಚಯವನ್ನು ಹೊರಡಿಸುವನು. ಆದರೆ ಹೆಸರನ್ನು ಕೇಳುವುದಕ್ಕೆ ಮುಂಚೆಯೇ ಕಣ್ಣು ಅರ್ಧ ವಿಷಯವನ್ನು ತಿಳಿದುಬಿಟ್ಟಿರುತ್ತದೆ. ಅರಸನಾವನು, ರಾಕ್ಷಸನಾವನು, ಎಳೆಯ ವೀರನಾವನು ಎಂಬುದನ್ನು ಕಿರೀಟದ ಎತ್ತರವೂ ಒಡವೆಯ ಗಾತ್ರವೂ ಹೇಳುತ್ತವೆ. ಮಾತಿಗೂ ಹಾಡಿಗೂ ಮುಂಚಿತವಾಗಿ ಮಾತನಾಡುವ ಈ ಭಾಷೆಯನ್ನು ಕೆತ್ತಿದವನು ಊರಿನ ಬಡಗಿಯೋ ಚಿತ್ರಗಾರನೋ ಆಗಿದ್ದನು. ಪ್ರಸಂಗವನ್ನು ಬರೆದ ಕವಿಯ ಹೆಸರು ಮುದ್ರಿಕೆಯಲ್ಲಿ ಉಳಿಯಿತು, ಇವನ ಹೆಸರಿಗೆ ಮುದ್ರಿಕೆಯ ಸ್ಥಳವೇ ಇರಲಿಲ್ಲ.

ಈಗ ಮರದ ವಿಚಾರ. ಮೊಳಕಾಲ್ಮೂರು ಚಳ್ಳಕೆರೆಗಳು ಕರ್ನಾಟಕದಲ್ಲಿಯೇ ಅತ್ಯಂತ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಸೇರಿದವು. ಇಂಥ ನೆಲದಲ್ಲಿ ಬೆಳೆಯುವ ಮರಗಳು ನಿಧಾನವಾಗಿ ಬೆಳೆದು ಗಟ್ಟಿಯಾಗುತ್ತವೆ. ಈ ಜಿಲ್ಲೆಯ ಒಣಕಾಡಿನ ಕಮರವು ನಮ್ಮ ದೇಶದ ಮರಗಳಲ್ಲೆಲ್ಲ ಅತಿ ಭಾರವಾದವುಗಳಲ್ಲಿ ಒಂದು, ಜಾಲಿಯೂ ಕಠಿಣವೇ. ಮನೆಯ ಕಂಬಕ್ಕೆ, ನೇಗಿಲಿಗೆ, ಬಂಡಿಯ ಗುಂಬಕ್ಕೆ ಇವು ಶ್ರೇಷ್ಠ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನಂಥ ಮಹಾರಥಗಳಿಗೂ ಬೇಕಾದುದು ಗಟ್ಟಿಯ ಮರವೇ. ಮೈಮೇಲೆ ಹೊತ್ತು ಬೆಳಗಿನ ಜಾವದವರೆಗೆ ಕುಣಿಯಬೇಕಾದ ಒಡವೆಗೆ ಈ ಗುಣವೇ ದೋಷವಾಗುತ್ತದೆ. ಅದಕ್ಕೋಸ್ಕರ ಒಡವೆಯ ಕೆಲಸಗಾರನು ಮನೆ ಕಟ್ಟುವವನು ಕಣ್ಣೆತ್ತಿಯೂ ನೋಡದ ಮೃದುವಾದ ಹಗುರ ಮರಗಳನ್ನು ಹುಡುಕಿಕೊಂಡನು. ಬೂರುಗ, ಹಾಲವಾಣಗಳಂಥ ಮರಗಳು ಈ ವರ್ಗಕ್ಕೆ ಸೇರಿದವು. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಪೊಳಕಿಯೆಂದೂ, ಆಂಧ್ರದ ಕೊಂಡಪಲ್ಲಿಯ ಗೊಂಬೆಗಾರರು ತೆಲ್ಲಪೊಣಿಕಿಯೆಂದೂ ಕರೆಯುವ ಮರಗಳು ಇವಕ್ಕಿಂತ ಪ್ರಸಿದ್ಧವಾದವು. ಸೌದೆಗೂ ಬಾರದ, ತೊಲೆಗೂ ಒದಗದ, ಕಡಿದು ಹಾಗೆಯೇ ಬಿಟ್ಟರೆ ಬೂಷ್ಟು ಹಿಡಿದು ಹುಳು ಬೀಳುವ ಈ ದುರ್ಬಲ ಕಾಷ್ಠದಲ್ಲಿ ರಾಜತ್ವದ ಲಾಂಛನವನ್ನು ಕಂಡ ಕಣ್ಣು ಸಾಮಾನ್ಯವಾದುದಲ್ಲ. ತಿಳಿದ ಕೆಲಸಗಾರನು ಕಡಿದ ಮರವನ್ನು ಬೇಗನೆ ಸೀಳಿಸಿ ನೆರಳಿನಲ್ಲಿ ಒಣಗಿಸುವನು. ಬಿಸಿಲಿಗಿಟ್ಟರೆ ಸೊಟ್ಟಗಾಗುವುದು, ತೇವದಲ್ಲಿಟ್ಟರೆ ಕರೆಗಟ್ಟುವುದು.

ಒಣಗಿದ ಹಲಗೆಯ ಮೇಲೆ ಆಕಾರವನ್ನು ಬರೆದು, ಹೊರಗಿನ ಅಂಚನ್ನು ಗರಗಸದಿಂದ ಕೊಯ್ದು, ಉಳಿ ಚಾಣಗಳಿಂದ ಬಳ್ಳಿ ಹೂವು ಗಿಳಿ ನವಿಲುಗಳನ್ನು ತೋಡುವುದು ಕೆಲಸದ ಮೊದಲ ಘಟ್ಟ. ಮೃದುವಾದ ಮರದಲ್ಲಿ ಕೆತ್ತುವುದು ಸುಲಭವೆಂದು ನೋಡಿದವರು ಎಣಿಸಬಹುದು, ನಿಜಸ್ಥಿತಿ ಬೇರೆ. ಗಟ್ಟಿಮರದಲ್ಲಿ ಉಳಿಯ ಏಟಿಗೆ ಮರವೇ ಎದುರು ನಿಂತು ಕೈಯನ್ನು ತಡೆಯುತ್ತದೆ. ಇಲ್ಲಿ ತಡೆಯುವವರಿಲ್ಲ, ಒಂದು ಏಟು ಹೆಚ್ಚಾದರೆ ಎಳೆಯುದ್ದಕ್ಕೂ ಸೀಳಿ ಹೋಗುತ್ತದೆ. ಸೂಕ್ಷ್ಮರೇಖೆಗಳನ್ನು ಉಳಿಯೊಂದರಿಂದಲೇ ಸಾಧಿಸಲು ಹೊರಟರೆ ಮರ ಪುಡಿಯಾದೀತೆಂದು, ಉಬ್ಬುರೇಖೆಗಳನ್ನು ಮೇಲಿಂದ ಅಂಟಿನ ಲೇಪದಲ್ಲಿ ಎತ್ತುವ ಉಪಾಯವನ್ನು ನಮ್ಮ ಚಿತ್ರಗಾರರು ಕಂಡುಕೊಂಡರು. ಕಿನ್ನಾಳದಲ್ಲಿ ಇಂದಿಗೂ ನಡೆಯುವ ಕ್ರಮದಿಂದ ಇದರ ಪರಿಪೂರ್ಣ ಸ್ವರೂಪವನ್ನು ತಿಳಿಯಬಹುದು. ಅಲ್ಲಿ ಹುಣಿಸೆಬೀಜವನ್ನು ನೆನೆಸಿ ಅರೆದ ಅಂಟಿನೊಡನೆ ಗೋಣಿಯ ನಾರನ್ನು ಒಣಗಿಸಿ ಪುಡಿಮಾಡಿ ಕಲಸಿ ಕಿಟ್ಟವೆಂಬ ಮುದ್ದೆಯನ್ನು ಸಿದ್ಧಪಡಿಸುತ್ತಾರೆ. ಇದರಿಂದ ಸಂದುಗಳನ್ನು ಮುಚ್ಚಿ, ನುಣುಪಾದ ಕಲ್ಲುಪುಡಿಯನ್ನು ಅಂಟಿನಲ್ಲಿ ಬೆರಸಿ ಒಡವೆಯ ಮಣಿಸಾಲುಗಳನ್ನೂ ಬಳ್ಳಿಗಳನ್ನೂ ಉಬ್ಬಿ ನಿಲ್ಲುವಂತೆ ಎತ್ತಿ, ಬಿಳಿಯ ಸುಧೆಯನ್ನು ಬಳಿದು, ಅದರ ಮೇಲೆ ಬಣ್ಣವನ್ನೂ ಹೊಳಪನ್ನೂ ಕೊಡುತ್ತಾರೆ. ಹೊಳಪಿನ ಆ ವಿಧಾನಕ್ಕೆ ಲಾಜವಾರವೆಂದು ಹೆಸರು: ತವರದ ತುಣುಕುಗಳನ್ನು ಬಹುಹೊತ್ತು ಕುಟ್ಟಿ ಪುಡಿಮಾಡಿ ಅಂಟಿನೊಡನೆ ಸೇರಿಸಿ ಬಳಿದು ಉಜ್ಜಿದರೆ ಬೆಳ್ಳಿಯ ಕಾಂತಿ, ಅದರ ಮೇಲೆ ಹಳದಿಯ ಲೇಪವೆಳೆದರೆ ಚಿನ್ನದ ಕಾಂತಿ ಬರುತ್ತದೆ. ಬಯಲಾಟದ ಒಡವೆಗಳಲ್ಲಿ ಬೇಗಡೆಯನ್ನು ಅಂಟಿಸಿ, ನಡುನಡುವೆ ಕೆಂಪು ಹಸಿರು ಬಣ್ಣಗಳನ್ನು ಕೊಟ್ಟು, ಚಿಕ್ಕಚಿಕ್ಕ ಕನ್ನಡಿಯ ಚೂರುಗಳನ್ನು ಅರಗಿನಿಂದಲೋ ಮೇಣದಿಂದಲೋ ಕೂಡಿಸುವರು. ಅಂಚಿಗೆ ಮಣಿಯನ್ನೂ ಉಣ್ಣೆಯ ಕುಚ್ಚನ್ನೂ ಇಳಿಬಿಡುವರು. ಕಿನ್ನಾಳದವರ ಪೂರ್ವಜರು ಹಂಪೆಯ ವಿರೂಪಾಕ್ಷ ದೇವಾಲಯದ ಮಂಟಪದಲ್ಲಿ ಚಿತ್ರ ಬರೆದವರು, ಅಲ್ಲಿಯ ಮರದ ತೇರಿಗೆ ಕೆತ್ತನೆ ಮಾಡಿದವರು ಎಂಬ ಐತಿಹ್ಯವೊಂದುಂಟು. ಆ ದೇವಾಲಯದಿಂದ ಮೊಳಕಾಲ್ಮೂರಿನ ಗುಡ್ಡಗಳಿಗೆ ದೂರವೇನೂ ಹೆಚ್ಚಲ್ಲ. ಜಾತ್ರೆಯ ಕಾಲದಲ್ಲಿ ಬಂಡಿಗಳು ಹೋಗಿ ಬರುತ್ತಿದ್ದ ಸೀಮೆಯೊಳಗೇ ಈ ಎಲ್ಲ ಕೈಗಳೂ ಕೆಲಸ ಮಾಡಿದವು.

ಇಷ್ಟನ್ನು ಹೇಳಿದ ಮೇಲೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಬಡವರಾದ ಹಳ್ಳಿಗರು ಚಿನ್ನ ಬೆಳ್ಳಿಗಳಿಗೆ ಗತಿಯಿಲ್ಲದೆ ಮರಕ್ಕೆ ಬೇಗಡೆ ಹಚ್ಚಿ ತೃಪ್ತರಾದರೆಂದು, ಆದುದರಿಂದ ಇದು ಅನುಕರಣದ ಕಲೆಯೆಂದು, ಓದಿದವರು ಅನೇಕರು ಭಾವಿಸಿದ್ದಾರೆ. ಇದು ಪೂರ್ಣ ಅನ್ಯಾಯದ ಮಾತು. ಅದೇ ಆಟದಲ್ಲಿ ದ್ರೌಪದಿಯ ಪಾತ್ರವನ್ನೋ ಸತ್ಯಭಾಮೆಯ ಪಾತ್ರವನ್ನೋ ಧರಿಸುತ್ತಿದ್ದ ಗಂಡಸಿಗೆ ಊರಿನ ಅನುಕೂಲಸ್ಥರ ಮನೆಗಳಿಂದ ನಿಜವಾದ ಒಡವೆಯನ್ನೂ ಪೆಟ್ಟಿಗೆಯ ಅಡಿಯಲ್ಲಿದ್ದ ರೇಷ್ಮೆಯ ಸೀರೆಯನ್ನೂ ತಂದು ಉಡಿಸಿ ತೊಡಿಸುವುದು ನಮ್ಮ ಹಳ್ಳಿಗಳಲ್ಲಿ ನಡೆದುಬಂದ ಪದ್ಧತಿ. ಚಿನ್ನವು ಒದಗಿದ ಕಡೆ ಒದಗಿಸಿದರು. ಆದರೆ ಅರಸನಿಗೆ, ವೀರನಿಗೆ, ರಾಕ್ಷಸನಿಗೆ ಅವರು ಮರವನ್ನೇ ತೊಡಿಸಿದರು. ಯಾಕೆಂದರೆ ಆ ಪಾತ್ರಗಳ ಕುಣಿತಕ್ಕೂ ಗಾತ್ರಕ್ಕೂ ಮರವೊಂದೇ ಒದಗುತ್ತಿದ್ದಿತು. ಎರಡು ಹೆಗಲಿನಿಂದ ಗೇಣುದ್ದ ಆಚೆಗೆ ಚಾಚುವ ಭುಜಕೀರ್ತಿಯನ್ನು ಲೋಹದಲ್ಲಿ ಮಾಡಿ ತೊಟ್ಟವನು ಒಂದು ಸುತ್ತು ಗಿರಕಿ ಹೊಡೆಯುವುದರೊಳಗೆ ಸೋತುಹೋದಾನು. ಸ್ವರ್ಣಕಾರನ ಕೆಲಸವು ಹತ್ತಿರದಿಂದ ನೋಡುವ ಕಣ್ಣಿಗೆಂದು ಆದುದು. ಅದರ ಸೂಕ್ಷ್ಮತೆ ನಾಲ್ಕು ಮಾರು ದೂರಕ್ಕೆ ಸಂದುಹೋಗುತ್ತದೆ. ಬಯಲಿನಲ್ಲಿ ಕುಳಿತವರಲ್ಲಿ ಹಿಂದಿನ ಸಾಲಿನ ಮುದುಕಿಗೂ ಅರಸನು ಅರಸನಾಗಿಯೇ ಕಾಣಬೇಕಾದರೆ, ರೇಖೆ ದಪ್ಪವಾಗಿರಬೇಕು, ತೋಡು ಆಳವಾಗಿರಬೇಕು, ಅಂಚು ಮನುಷ್ಯನ ಮೈಯ ಎಲ್ಲೆಯನ್ನು ಮೀರಿ ಹೊರಗೆ ಹೋಗಬೇಕು.

ಮೂರನೆಯ ಕಾರಣ ಬೆಳಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದುದು. ಈ ಒಡವೆಗಳನ್ನು ಹಗಲಿನಲ್ಲಿ ನೋಡಿದವರಿಗೆ ಅವು ಒರಟಾಗಿಯೂ ಬಣ್ಣಗೇಡಾಗಿಯೂ ಕಂಡರೆ ಆಶ್ಚರ್ಯವಿಲ್ಲ, ಅವು ಹಗಲಿಗೆ ಹುಟ್ಟಿದವಲ್ಲ. ಎಣ್ಣೆಯಲ್ಲಿ ಅದ್ದಿದ ಪಂಜುಗಳನ್ನು ರಂಗದ ಇಕ್ಕೆಲದಲ್ಲಿ ಹಿಡಿದಿರುತ್ತಿದ್ದ ಕಾಲದಲ್ಲಿ, ಬೆಳಕು ಒಂದೇ ಸಮನಾಗಿರದೆ, ಗಾಳಿಗೆ ಬಾಗುತ್ತ, ಎಣ್ಣೆ ಹೊಯ್ದಾಗ ಏರುತ್ತ, ಕೆಳಗಿನಿಂದ ಮೇಲಕ್ಕೆ ಹಾಯುತ್ತಿದ್ದಿತು. ಆ ಚಂಚಲವಾದ ಕೆಂಬೆಳಕಿನಲ್ಲಿ ಆಳವಾದ ತೋಡುಗಳು ಕಪ್ಪಾಗಿಯೂ ಉಬ್ಬಿದ ಬೇಗಡೆ ಹೊನ್ನಾಗಿಯೂ ಬೇರ್ಪಟ್ಟು, ನಟನು ಮೈ ತಿರುಗಿಸಿದಂತೆ ಕನ್ನಡಿಯ ಚೂರುಗಳು ಒಂದೊಂದಾಗಿ ಹೊತ್ತಿಕೊಂಡು ಆರುತ್ತಿದ್ದುವು. ಚೂರುಗಳನ್ನು ಒಂದೇ ಸಮತಲದಲ್ಲಿ ಕೂಡಿಸದೆ ಅಲ್ಪಸ್ವಲ್ಪ ಓರೆಯಾಗಿ ಕೂಡಿಸಿದಾಗಲೇ ಈ ಪರಿಣಾಮ ಸಿದ್ಧಿಸುತ್ತದೆ. ದೊಡ್ಡ ಕನ್ನಡಿಯೊಂದನ್ನು ಇಟ್ಟಿದ್ದರೆ ಅದು ಒಂದು ಕ್ಷಣ ಕಣ್ಣು ಕೋರೈಸಿ ಮಿಕ್ಕ ಹೊತ್ತೆಲ್ಲ ಕುರುಡಾಗಿರುತ್ತಿದ್ದಿತು. ಬೆಳಕನ್ನು ಚಲನೆಯೊಡನೆ ಹೀಗೆ ಹೊಂದಿಸಿದ ವಿವೇಕವನ್ನು ಅನುಕರಣವೆಂದು ಕರೆಯುವುದು ಯಾವ ನ್ಯಾಯ? ಚಿನ್ನವು ಮಾಡಲಾಗದ ಕೆಲಸವನ್ನು ಮರ ಮಾಡಿತು.

ಆಕಾರಗಳ ಮೂಲವನ್ನು ಅರಸಿದರೆ ದೃಷ್ಟಿ ಮತ್ತೆ ವಿಜಯನಗರದ ಕಡೆಗೆ ಹೊರಳುತ್ತದೆ. ಆ ಕಾಲದ ದೇವಾಲಯಗಳ ಕಂಬಗಳಲ್ಲಿಯೂ ಗೋಪುರಗಳಲ್ಲಿಯೂ ದೇವತೆಗಳು ದ್ವಾರಪಾಲಕರು ತೊಟ್ಟ ಕಿರೀಟ, ಹೆಗಲಾಭರಣ, ಉದರಬಂಧಗಳನ್ನು ನೋಡಿ ಬಳಿಕ ಬಯಲಾಟದ ವೇಷವನ್ನು ನೋಡಿದವರಿಗೆ ಇವೆರಡರ ಬಾಂಧವ್ಯವನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅನಂತಪುರದ ಸೀಮೆಯ ಲೇಪಾಕ್ಷಿಯಲ್ಲಿ, ಅಚ್ಯುತರಾಯನ ಆಳ್ವಿಕೆಯಲ್ಲಿ, 1530ರ ಸುಮಾರಿನಲ್ಲಿ ಬರೆದ ಮೇಲ್ಚಾವಣಿಯ ಚಿತ್ರಗಳು ಆ ಯುಗದ ಉಡಿಗೆ ತೊಡಿಗೆಗಳನ್ನು ಬಣ್ಣಬಣ್ಣವಾಗಿ ಉಳಿಸಿಕೊಟ್ಟಿವೆ. ಪಕ್ಕದ ತೆಲುಗು ಸೀಮೆಯಲ್ಲಿಯೂ ನಮ್ಮ ಚಿತ್ರದುರ್ಗ ಬಳ್ಳಾರಿಗಳ ಹಳ್ಳಿಗಳಲ್ಲಿಯೂ ಆಡುತ್ತ ಬಂದ ತೊಗಲುಗೊಂಬೆಗಳಲ್ಲಿ ಅವೇ ರೇಖೆಗಳು ತೊಗಲಿನ ಮೇಲೆ ತೂತು ತೂತಾಗಿ ಇಳಿದಿವೆ. ಕಲ್ಲು, ಸುಣ್ಣದ ಗೋಡೆ, ತೊಗಲು, ಮರ ಎಂಬ ನಾಲ್ಕು ದ್ರವ್ಯಗಳಲ್ಲಿ ಒಂದೇ ರಾಜವೇಷವು ಓಡಾಡಿದೆ. ಇವುಗಳಲ್ಲಿ ಯಾವುದು ಯಾವುದರಿಂದ ಕಲಿತಿತೆಂದು ಗೆರೆ ಎಳೆದಂತೆ ಹೇಳುವುದು ದುಡುಕಾದೀತು. ಶಿಲ್ಪಿಯು ದೇವರಿಗೆ ತೊಡಿಸಿದುದನ್ನು ನಟನು ತೊಟ್ಟನೆಂದು ನಾವು ಸಹಜವಾಗಿ ಊಹಿಸುತ್ತೇವೆ. ಜಾತ್ರೆಯ ಇರುಳಿನಲ್ಲಿ ಕುಣಿಯುತ್ತಿದ್ದ ನಟನನ್ನು ನೋಡಿದ ಶಿಲ್ಪಿಯೊಬ್ಬನು ಮರುದಿನ ತನ್ನ ದ್ವಾರಪಾಲಕನ ಹೆಗಲನ್ನು ಇನ್ನಷ್ಟು ಅಗಲಿಸಿರಲಾರನೆಂದು ಹೇಳುವವರಾರು?

ಕರ್ನಾಟಕದ ಮಿಕ್ಕ ಭಾಗಗಳಲ್ಲಿಯೂ ಮರವು ಮನುಷ್ಯನ ಮೈಯನ್ನು ಏರಿದೆ. ಮಠಾಧಿಪತಿಗಳ ಹಾವುಗೆ ಎಲ್ಲರೂ ಬಲ್ಲ ವಸ್ತು. ಹಳೆಯ ಮೈಸೂರಿನ ಕಡೆ ಗ್ರಾಮದೇವತೆಯ ಸೇವಕನಾದ ಸೋಮನ ಕುಣಿತದಲ್ಲಿ ಮರದ ದೊಡ್ಡ ಮುಖವಾಡವನ್ನು ಧರಿಸುತ್ತಾರೆ; ಅದು ಅಲಂಕಾರಕ್ಕಿಂತ ಹೆಚ್ಚಾಗಿ ಆರಾಧನೆಯ ವಸ್ತುವಾದುದರಿಂದ ಅದರ ವಿಚಾರ ಬೇರೆ. ಚನ್ನಪಟ್ಟಣದಲ್ಲಿ ಹಾಲೆಮರವನ್ನು ತಿರುಗಣೆಯ ಮೇಲೆ ತಿರುಗಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಬಿಸಿಗೆ ಕರಗಿದ ಬಣ್ಣವು ಮರಕ್ಕೆ ಹಿಡಿಯುವಂತೆ ಮಾಡಿ ಬಳೆಗಳನ್ನೂ ಮಣಿಗಳನ್ನೂ ತೆಗೆಯುವ ಕಸುಬು ಲೋಕಪ್ರಸಿದ್ಧವಾಗಿದೆ. ಟೀಪುಸುಲ್ತಾನನು ಪರ್ಷಿಯಾದ ಕುಶಲಿಗಳನ್ನು ಕರೆಸಿ ಈ ವಿದ್ಯೆಯನ್ನು ನೆಲೆಗೊಳಿಸಿದನೆಂಬ ನಂಬಿಕೆ ಅಲ್ಲಿ ಪ್ರಚಲಿತವಾಗಿದೆ. ಆ ಬಳೆ ದಿನದ ಉಡಿಗೆಗೆ ಸೇರಿದ ಒಡವೆ, ಪೇಟೆಗೆ ಹೋಗಬಲ್ಲುದು. ಆದುದರಿಂದಲೇ ಅದು ಬದುಕಿತು. ನಮ್ಮ ಬಯಲಾಟದ ಒಡವೆಗೆ ಇರುವ ಅತಿ ಸಮೀಪದ ನಂಟು ಕರಾವಳಿಯ ಯಕ್ಷಗಾನದ ವೇಷದ್ದು. ಅಲ್ಲಿಯೂ ಹಗುರ ಮರ, ಬೇಗಡೆ, ಕನ್ನಡಿಯ ಚೂರು. ಅಲ್ಲಿಯೂ ಕಿರೀಟ, ಭುಜಕೀರ್ತಿ, ಎದೆಕಟ್ಟು, ಡಾಬು. ಆದರೆ ಬಡಗುತಿಟ್ಟಿನಲ್ಲಿ ಅಟ್ಟೆ ಕಟ್ಟಿ ಸುತ್ತುವ ಕೇದಗೆಮುಂದಲೆಯಂಥ ಬಟ್ಟೆಯ ಶಿರೋವೇಷ್ಟನಗಳು ಮರದ ಕಿರೀಟದೊಡನೆ ಸಮಾನ ಗೌರವವನ್ನು ಪಡೆದವು. ಮೂಡಲ ಸೀಮೆಯ ವೀರನು ಹೆಚ್ಚಾಗಿ ಮರವನ್ನೇ ನಂಬಿದನು. 1957ರಲ್ಲಿ ಪ್ರಕಟವಾದ ಯಕ್ಷಗಾನ ಬಯಲಾಟವೆಂಬ ಗ್ರಂಥದಲ್ಲಿ ಶಿವರಾಮ ಕಾರಂತರು ಕರಾವಳಿಯ ವೇಷಭೂಷಣಗಳಿಗೆ ಶಾಸ್ತ್ರೀಯವಾದ ಗೌರವವನ್ನು ತಂದುಕೊಟ್ಟರು. ಸಾಂಪ್ರದಾಯಿಕವಾದ ಒಡವೆಯ ಸ್ಥಾನಕ್ಕೆ ಪೇಟೆಯ ಥಳಕು ಬಂದು ಕೂಡುವುದನ್ನು ಅವರು ಎಂದೂ ಸಹಿಸಿದವರಲ್ಲ. ಅಂಥ ಕಾವಲುಗಾರನು ಮೂಡಲ ಸೀಮೆಯ ಮರಕ್ಕೆ ಸಕಾಲದಲ್ಲಿ ದೊರೆಯಲಿಲ್ಲ.

ಸಕಾಲದಲ್ಲಿ ಎಂದುದಕ್ಕೆ ಕಾರಣವುಂಟು. 1884ರಲ್ಲಿ ಗುಬ್ಬಿಯ ಚನ್ನಬಸವೇ­ಶ್ವರ ನಾಟಕ ಸಂಘವು ಹುಟ್ಟಿ, ಅದರಂಥ ಕಂಪನಿಗಳು ಊರೂರಿನಲ್ಲಿ ಡೇರೆ ಹಾಕತೊಡಗಿದ ಮೇಲೆ, ಮಖಮಲ್ಲಿನ ಅಂಗಿ, ಜರತಾರಿಯ ಕೆಲಸ, ಬಣ್ಣದ ಪರದೆ, ಕಣ್ಣು ಕುಕ್ಕುವ ದೀಪ ಇವೇ ರಾಜವೈಭವದ ಗುರುತೆಂದು ಜನದ ಕಣ್ಣು ಅಭ್ಯಾಸ ಮಾಡಿಕೊಂಡಿತು. ಕಂಪನಿಯ ನಾಟಕವು ತನ್ನ ಮಟ್ಟಿಗೆ ದೊಡ್ಡ ಕಲೆ; ಅದನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಆದರೆ ಅದರ ಅರಸನು ಕುಣಿಯುವವನಲ್ಲ, ನಿಂತು ಹಾಡುವವನು. ಅವನಿಗೆ ಹಗುರವಾದ ಒಡವೆಯ ಅಗತ್ಯವೂ ಇಲ್ಲ, ಅಗಲವಾದ ಹೆಗಲಿನ ಅಗತ್ಯವೂ ಇಲ್ಲ. ಹಳ್ಳಿಯ ಬಯಲಾಟದವರು ಆ ಅರಸನನ್ನು ನೋಡಿ ಬಂದು ತಮ್ಮ ಅರಸನಿಗೆ ಅವನ ಉಡುಪನ್ನು ತೊಡಿಸಿದರು. ಪಂಜು ಹೋಗಿ ಗ್ಯಾಸ್‌ಲೈಟು ಬಂದಿತು, ಗ್ಯಾಸ್‌ಲೈಟು ಹೋಗಿ ವಿದ್ಯುದ್ದೀಪ ಬಂದಿತು; ಮೇಲಿನಿಂದ ಸುರಿಯುವ ಅಚಂಚಲವಾದ ಬಿಳಿಯ ಬೆಳಕಿನಲ್ಲಿ ತೋಡಿನ ನೆರಳು ಅಳಿಸಿಹೋಗಿ, ಬೇಗಡೆಯ ಹೊನ್ನು ಬರಿಯ ಕಾಗದವಾಗಿ ಕಾಣತೊಡಗಿತು. ಒಡವೆ ಕೆಟ್ಟಿತೆಂದು ಜನ ತಿಳಿದರು, ಕೆಟ್ಟುದು ಬೆಳಕು.

ಇದರೊಡನೆ ಒಡವೆಯ ಅರ್ಥವ್ಯವಸ್ಥೆಯೂ ಬದಲಾಯಿತು. ಮೊದಲು ಆಟವಾಡುವ ಹಳ್ಳಿಗಳಲ್ಲಿ ದೇವಸ್ಥಾನದಲ್ಲಿಯೋ ಮೇಳದ ಹಿರಿಯನ ಮನೆಯ ಅಟ್ಟದಲ್ಲಿಯೋ ಒಡವೆಗಳ ಪೆಟ್ಟಿಗೆ ಇರುತ್ತಿದ್ದುದುಂಟು. ಸುಗ್ಗಿ ಮುಗಿದು ಆಟ ಕಲಿಯುವ ದಿನಗಳು ಬಂದಾಗ ಪೆಟ್ಟಿಗೆ ತೆಗೆದು, ಸಡಿಲವಾದ ಕನ್ನಡಿಗೆ ಮೇಣವೊತ್ತಿ, ಹರಿದ ದಾರವನ್ನು ಬದಲಾಯಿಸುವುದು ವರ್ಷವರ್ಷದ ಕೆಲಸವಾಗಿದ್ದಿತು. ತೊಡತಕ್ಕವನ ಎದೆಯ ಅಳತೆಯೂ ಹೆಗಲಿನ ಇಳುಕಲೂ ಕೆತ್ತುವವನಿಗೆ ಗೊತ್ತಿದ್ದುವು. ಅನಂತರ ವೇಷಭೂಷಣಗಳನ್ನು ಬಾಡಿಗೆಗೆ ಕೊಡುವವರು ಪೇಟೆಗಳಲ್ಲಿ ಅಂಗಡಿಯನ್ನಿಟ್ಟರು. ಒಂದೇ ಜತೆ ಒಡವೆ ಇಂದು ಒಂದೂರಿನ ಭೀಮನ ಮೇಲೆ, ನಾಳೆ ಇನ್ನೊಂದೂರಿನ ಕೀಚಕನ ಮೇಲೆ ಕೂಡಬೇಕಾಯಿತು. ಯಾರ ಮೈಗೂ ಪೂರ್ಣವಾಗಿ ಒಗ್ಗದ, ಎಲ್ಲರ ಮೈಗೂ ಹೇಗೋ ಒದಗುವ, ಬಂಡಿ ಬಸ್ಸುಗಳ ಕುಲುಕಾಟಕ್ಕೆ ಮುರಿಯದ ವಸ್ತು ಬೇಕಾಯಿತು. ರಟ್ಟು, ತಗಡು, ಪ್ಲಾಸ್ಟಿಕ್, ಥರ್ಮೋಕೋಲುಗಳು ಆ ಮಾರ್ಗದಲ್ಲಿ ಬಂದುವು. ಬಾಡಿಗೆಯವರಿಂದಾಗಿಯೇ ಎಷ್ಟೋ ಬಡ ಹಳ್ಳಿಗಳಲ್ಲಿ ಆಟ ನಿಲ್ಲದೆ ನಡೆಯಿತೆಂಬುದನ್ನೂ ಮರೆಯಲಾಗದು. ಆದರೆ ಕೆತ್ತುವವನಿಗೂ ಕುಣಿಯುವವನಿಗೂ ನಡುವೆ ಇದ್ದ ಮುಖಪರಿಚಯ ಅಲ್ಲಿಗೆ ಮುಗಿಯಿತು; ಮಗನಿಗೆ ಕಸುಬನ್ನು ಕಲಿಸುವ ಅವಶ್ಯಕತೆ ಬಡಗಿಗೆ ಕಾಣದಾಯಿತು. ಮೊಳಕಾಲ್ಮೂರಿನ ಮಗ್ಗವು ತನ್ನ ಸೀರೆಗೆ ಹೊರಗಿನ ಕೊಳ್ಳುವವರನ್ನು ಹುಡುಕಿಕೊಂಡು ನಿಂತಿತು. ಬಯಲಾಟದ ಒಡವೆಗೆ ಆಟದ ಹೊರತು ಬೇರೆ ಗಿರಾಕಿಯೇ ಇರಲಿಲ್ಲ.

ಉಳಿದುದರಲ್ಲಿ ಬಹುಭಾಗ ಉಳಿದುದು ಒಬ್ಬಿಬ್ಬರ ಶ್ರದ್ಧೆಯಿಂದ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದಾಗ, ಪರಮಶಿವಯ್ಯನವರೊಡನೆ ಅದಕ್ಕಾಗಿ ಹಳ್ಳಿಗಳನ್ನು ಸುತ್ತಿದವರು ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರು. ಇವರು ಇದೇ ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯವರು. ಬಯಲುಸೀಮೆಯ ವಸ್ತುಗಳ ಬೆಲೆಯನ್ನು ಹುಟ್ಟಿನಿಂದಲೇ ಬಲ್ಲವರು. ಜಯಲಕ್ಷ್ಮೀವಿಲಾಸ ಅರಮನೆಯ ಆ ಸಂಗ್ರಹದಲ್ಲಿ ಮರದ ಸೋಮನ ಮುಖಗಳೂ, ತೊಗಲುಗೊಂಬೆಗಳೂ, ಆಟದ ವೇಷಭೂಷಣಗಳೂ ಸೇರಿದುದರಲ್ಲಿ ಚಿತ್ರಕಾರನ ಕಣ್ಣು ಕೆಲಸ ಮಾಡಿದೆ. 1994ರಲ್ಲಿ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ತೆರೆದ ಜಾನಪದ ಲೋಕವು ಈ ಕಾರ್ಯವನ್ನು ಮುಂದುವರಿಸಿತು. ಇಂಥ ಸಂಗ್ರಹಾಲಯಗಳನ್ನು ನಡೆಸತಕ್ಕವರಲ್ಲಿ ನನ್ನದೊಂದು ವಿನಂತಿಯಿದೆ. ಸಾಮಾನ್ಯವಾಗಿ ಒಡವೆಗಳನ್ನು ಗೋಡೆಗೆ ಮುಖ ಹೊರಗಾಗಿ ತೂಗುಹಾಕುವುದು ವಾಡಿಕೆ; ಒಂದು ಎದೆಹಾರವನ್ನಾದರೂ, ಒಂದು ಭುಜಕೀರ್ತಿಯನ್ನಾದರೂ ಮಗುಚಿ, ಅದರ ಬೆನ್ನು ಕಾಣುವಂತೆ ಇಡಬೇಕು. ಭಾರವನ್ನು ಇಳಿಸುವುದಕ್ಕಾಗಿ ಕೆತ್ತಿದವನು ಎಲ್ಲಿ ಎಷ್ಟು ಟೊಳ್ಳು ತೋಡಿದ್ದಾನೆ, ಎದೆಯ ಉಬ್ಬಿಗೆ ಕೂಡುವಂತೆ ಹಲಗೆಯನ್ನು ಹೇಗೆ ಬಾಗಿಸಿದ್ದಾನೆ, ಗಿರಕಿಯಲ್ಲಿ ಜಾರದಂತೆ ದಾರದ ತೂತುಗಳನ್ನು ಯಾವ ಕೋನದಲ್ಲಿ ಕೊರೆದಿದ್ದಾನೆ, ಬೆವರು ಮರಕ್ಕೆ ಇಳಿಯದಂತೆ ಎಲ್ಲಿ ಬಟ್ಟೆಯ ಮೆತ್ತೆ ಹಚ್ಚಿದ್ದಾನೆ ಎಂಬ ಸಂಗತಿಗಳೆಲ್ಲ ಇರುವುದು ಹಿಂಬದಿಯಲ್ಲಿ. ಅವುಗಳನ್ನು ಅಳೆದು ಬರೆದಿಟ್ಟರೆ, ಕೊಪ್ಪಳದಲ್ಲಾಗಲಿ ಚಳ್ಳಕೆರೆಯಲ್ಲಾಗಲಿ ಉಳಿ ಹಿಡಿಯಬಲ್ಲ ತರುಣನೊಬ್ಬನು ಇನ್ನೊಂದು ಜತೆಯನ್ನು ಕುಣಿಯುವವನ ಮೈಗೆ ಒಗ್ಗುವಂತೆ ಕೆತ್ತಿಯಾನು.